ಯಾರ ಮಾತು ಪ್ರಮಾಣ?

(ಅಬಿಡ್ಸ್‌ನಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ರಾಜಕೀಯ ಸಿದ್ಧಾಂತವೆಂದರೆ ಪ್ಲೇಟೋನಿಂದ ಮಾರ್ಕ್ಸ್‌ವರೆಗಿನ ಗ್ರಂಥಗಳ ವ್ಯಾಖ್ಯಾನವೆಂದೇ ನಮ್ಮ ವಿಶ್ವವಿದ್ಯಾಲಯಗಳು ಬಹುಕಾಲ ಬೋಧಿಸಿದವು. ಪ್ರಭುತ್ವ, ಸ್ವಾತಂತ್ರ್ಯ, ಹಿಂಸೆಗಳ ಪರಿಕಲ್ಪನೆಗಳು ಗ್ರಂಥದಿಂದ ಬರಬೇಕು. ಜನರಿಂದ ಉದಾಹರಣೆಗಳು ಬಂದರೆ ಸಾಕು. ಜನ ಪರಿಕಲ್ಪನೆಗಳನ್ನೂ ಕೊಡಬಲ್ಲರೇ ಎಂಬುದು ನನ್ನ ಪ್ರಶ್ನೆ. ಇದನ್ನು ಕೇಳಲು ಹೈದರಾಬಾದಿಗಿಂತ ತಕ್ಕ ಊರಿಲ್ಲ. ನಾವು ಕುಳಿತಿರುವ ಈ ಪ್ರದೇಶಕ್ಕೇ ಆರನೆಯ ನಿಜಾಮನ ಪರಿಚಾರಕನಾಗಿದ್ದು ಇಲ್ಲಿ ಅಂಗಡಿಯಿಟ್ಟ ಆಲ್ಬರ್ಟ್ ಅಬಿಡ್‌ನ ಹೆಸರು ಉಳಿದಿದೆ. ದೊರೆಯ ಬಿರುದುಗಳನ್ನು ದಫ್ತರ ಕಾಪಾಡಿತು, ಅಂಗಡಿಯವನನ್ನು ಜನರ ನಾಲಗೆ ಕಾಪಾಡಿತು.

1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಸೈನ್ಯವೇ ನಡೆಸಿದ ಆ ಕ್ರಮಕ್ಕೆ 'ಪೊಲೀಸ್ ಕಾರ್ಯಾಚರಣೆ' ಎಂಬ ಹೆಸರಾಯಿತು. ಕರ್ನಾಟಕದಲ್ಲಿ ಅದು ವಿಮೋಚನಾ ದಿನ. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಇಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ವಿಮೋಚನೆಯೆಂದಿತು, ರಾಜ್ಯ ಸರ್ಕಾರ ರಾಷ್ಟ್ರೀಯ ಸಮೈಕ್ಯತೆಯೆಂದಿತು. 2024ರಲ್ಲಿ ಪ್ರಜಾಪಾಲನೆ ಬಂದಿತು. ಒಂದೊಂದು ಹೆಸರೂ ಒಂದೊಂದು ರಾಜಕೀಯ ಸಿದ್ಧಾಂತವೇ. ಎಲ್ಲವೂ ಮೇಲಿನಿಂದ ಇಳಿದವು ಎಂಬುದನ್ನು ಮಾತ್ರ ಗಮನಿಸಿ.

ಕೆಳಗಿನಿಂದ ಕೇಳುವ ಕ್ರಮವನ್ನೂ ಇದೇ ಊರು ಕಲಿಸಿದೆ. ತೆಲಂಗಾಣದ ರೈತ ಸಶಸ್ತ್ರ ಹೋರಾಟದಲ್ಲಿದ್ದ ಹೆಂಗಸರನ್ನು ಹುಡುಕಿಕೊಂಡು ಹೋಗಿ, ಅವರ ಮಾತನ್ನು ಅವರ ಮಾತಾಗಿಯೇ ದಾಖಲಿಸಿದ ಸ್ತ್ರೀ ಶಕ್ತಿ ಸಂಘಟನೆ 1986ರಲ್ಲಿ 'ಮನಕು ತೆಲಿಯನಿ ಮನ ಚರಿತ್ರ'ವನ್ನು ತೆಲುಗಿನಲ್ಲಿ ಪ್ರಕಟಿಸಿತು. 1989ರಲ್ಲಿ ಅದು ಇಂಗ್ಲಿಷಿಗೆ ಬಂದಿತು. ಪಕ್ಷದ ಇತಿಹಾಸಗಳಲ್ಲಿ ದಳಗಳಿವೆ, ನಿರ್ಣಯಗಳಿವೆ, ಹುತಾತ್ಮರ ಪಟ್ಟಿಯಿದೆ. ಈ ಪುಸ್ತಕದಲ್ಲಿ ಕಾಡಿನಲ್ಲಿ ಹೆತ್ತ ಕೂಸನ್ನು ಬೇರೆಯವರಿಗೆ ಒಪ್ಪಿಸಬೇಕಾಗಿ ಬಂದ ತಾಯಿಯಿದ್ದಾಳೆ. 1951ರಲ್ಲಿ ಹೋರಾಟ ನಿಂತ ಮೇಲೆ 'ಇನ್ನು ಮನೆಗೆ ಹೋಗಿ' ಎನ್ನಿಸಿಕೊಂಡವರಿದ್ದಾರೆ. ಮನೆ ರಾಜಕೀಯದ ಹೊರಗಿನದು ಎಂಬ ಸಿದ್ಧಾಂತವನ್ನು ಪ್ರಶ್ನಿಸಲು ಆ ಹೆಂಗಸರಿಗೆ ಯಾವ ಗ್ರಂಥವೂ ಬೇಕಾಗಲಿಲ್ಲ. ಅವರು ತಮಗಾದದ್ದನ್ನು ಹೇಳಿದರು, ಅಷ್ಟೇ.

ಇದು ಬರಿಯ ಭಾವುಕತೆ, ನೆನಪು ಸಾಕ್ಷ್ಯವಾಗದು ಎನ್ನುವವರುಂಟು. ಅವರಿಗೆ ನಮ್ಮ ತರ್ಕಶಾಸ್ತ್ರವನ್ನೇ ತೋರಿಸುತ್ತೇನೆ. ನ್ಯಾಯದರ್ಶನ ಶಬ್ದವನ್ನು, ಎಂದರೆ ಆಪ್ತನ ಮಾತನ್ನು, ಪ್ರಮಾಣವೆಂದು ಒಪ್ಪುತ್ತದೆ. ವಿಷಯವನ್ನು ಸ್ವತಃ ಬಲ್ಲವನೂ ಬಲ್ಲಂತೆಯೇ ಹೇಳಬಯಸುವವನೂ ಆಪ್ತ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನವೆಂದು ವಾತ್ಸ್ಯಾಯನನ ಭಾಷ್ಯ ಹೇಳುತ್ತದೆ. ಶಾಸ್ತ್ರದಲ್ಲಿ ಸಂದ ಈ ಸಮಾನತೆ ಸಮಾಜದಲ್ಲಿ ಸಲ್ಲಲಿಲ್ಲವೆಂಬುದು ಬೇರೆ ಮಾತು. ಆದರೂ ಈ ಮಾನದಂಡವನ್ನು ನಾವು ಆಮದು ಮಾಡಿಕೊಳ್ಳಬೇಕಾಗಿಲ್ಲ.

ಪ್ರಭುತ್ವವೂ ಒಮ್ಮೆ ಹೀಗೆ ಕೇಳಲು ಜನರನ್ನು ಕಳುಹಿಸಿತ್ತು. 1948ರ ಕೊನೆಯಲ್ಲಿ ಪಂಡಿತ ಸುಂದರಲಾಲರ ಸಮಿತಿ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ತಿರುಗಿ ಜನರ ಹೇಳಿಕೆ ಪಡೆಯಿತು. ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರ ಸತ್ತವರು 27,000ದಿಂದ 40,000 ಎಂಬುದು ಅದರ ಅಂದಾಜು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವೇ, ಕಲಬುರಗಿ ಮತ್ತು ಬೀದರ. ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದಶಕಗಳ ನಂತರ, 2013ರ ಎ. ಜಿ. ನೂರಾನಿಯವರ ಪುಸ್ತಕದಂಥವುಗಳ ಮೂಲಕ ಅದು ಓದುಗರ ಕೈಸೇರಿತು.

ಹಾಗೆಂದು ನೆನಪೂ ನಿಷ್ಪಕ್ಷಪಾತಿಯಲ್ಲ. ಬೀದರ ಜಿಲ್ಲೆಯ ಗೋರಟಾದಲ್ಲಿ ಅದೇ ವರ್ಷ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ನಮ್ಮ ಮನೆಗಳು ನೆನೆಯುತ್ತವೆ, ನೆನೆಯಲೇಬೇಕು. ಸೆಪ್ಟೆಂಬರಿನ ನಂತರದ ಹತ್ಯೆಗಳನ್ನು ಪಕ್ಕದ ಬೀದಿಯ ಮನೆಗಳು ನೆನೆಯುತ್ತವೆ. ಒಂದು ಮನೆಯ ಆಪ್ತ ಇನ್ನೊಂದು ಮನೆಗೆ ಆಪ್ತನಲ್ಲ. ಪರ್ಯಾಯ ವಿಧಾನದ ನಿಜವಾದ ಕಷ್ಟ ಇಲ್ಲಿದೆ, ಧ್ವನಿಮುದ್ರಣ ಯಂತ್ರದಲ್ಲಲ್ಲ. ನಮ್ಮವರನ್ನಷ್ಟೇ ಕೇಳಿ ಬರೆದರೆ ನಾವು ಕಟ್ಟುವುದು ಇನ್ನೊಂದು ದಫ್ತರವನ್ನು.

ಹೊರನಾಡ ಕನ್ನಡಿಗರಾದ ನಮಗೆ ಇಲ್ಲೊಂದು ಅನುಕೂಲವಿದೆ. ನಿಜಾಮನ ಆಡಳಿತ ಉರ್ದುವಿನದು. ಕನ್ನಡದಲ್ಲಿ ಬದುಕಿದ ಅನುಭವ ಭಾಷೆ ಬದಲಿಸಿಕೊಂಡೇ ಕಡತ ಸೇರಬೇಕಿತ್ತು. ನಮ್ಮ ಹಿರಿಯರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು ಬಳಸಿದವರು. ಎರಡೂ ಮನೆಗಳ ಮಾತನ್ನು ದುಭಾಷಿಯಿಲ್ಲದೆ ಕೇಳಬಲ್ಲವರು ಇನ್ನೂ ನಮ್ಮಲ್ಲಿದ್ದಾರೆ. ಆದರೆ 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದ ಅಂಥ ಹಿರಿಯರಿದ್ದರೆ ಇಂದೇ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿ ಹೋಗಿ. ನಿಮ್ಮ ನೆರೆಮನೆಯ ಉರ್ದು ಮಾತಿನ ಹಿರಿಯರ ಹೆಸರನ್ನೂ, ಅವರ ಒಪ್ಪಿಗೆ ಕೇಳಿ, ಬರೆಸಿ.