ಗುಟ್ಟಿನ ಭರವಸೆ ಮತ್ತು ಕಾನೂನು: ಸಮಾಜಕಾರ್ಯದ ವೃತ್ತಿನೀತಿ



ದಿಲ್ಲಿಗೂ ಸಮಾಜಕಾರ್ಯಕ್ಕೂ ಇರುವ ನಂಟು ದೇಶವಿಭಜನೆಯ ಕಾಲದ್ದು. ಕ್ರೈಸ್ತ ಯುವತಿಯರ ಸಂಘ ವೈಡಬ್ಲ್ಯುಸಿಎ 1946ರಲ್ಲಿ ಲಖನೌದಲ್ಲಿ ತೆರೆದ ಸಮಾಜಕಾರ್ಯ ಶಾಲೆ ಮರುವರ್ಷ ದಿಲ್ಲಿಗೆ ಬಂತು. ಈಗ ಅದು ದಿಲ್ಲಿ ವಿಶ್ವವಿದ್ಯಾಲಯದ ಒಂದು ವಿಭಾಗ. ಆ ದಿನಗಳಲ್ಲೇ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿಕೊಂಡು ನಿರಾಶ್ರಿತರ ನಡುವೆ ಇಳಿದರು. ಛತರ್‌ಪುರದಲ್ಲಿ ಸಹಕಾರಿ ಬೇಸಾಯ ಶುರುವಾಯಿತು. ಫರೀದಾಬಾದಿನಲ್ಲಿ ವಾಯವ್ಯ ಗಡಿನಾಡಿನಿಂದ ಬಂದವರ ಹೊಸ ಊರು ಎದ್ದಿತು. ಮನೆ ಕಟ್ಟುವ ಕೆಲಸ ಗುತ್ತಿಗೆದಾರನ ಪಾಲಾಗಬಾರದು, ಅಲ್ಲಿ ಬಾಳುವವರೇ ಕಟ್ಟಿಕೊಳ್ಳಲಿ ಎಂಬ ಹಟ ಅಲ್ಲಿತ್ತು. ಸ್ವನಿರ್ಣಯ ಎಂದು ನಾವು ತರಗತಿಯಲ್ಲಿ ಪಾಠ ಮಾಡುವುದು ಇದನ್ನೇ.

ಇಟ್ಟಿಗೆ, ಗಾರೆ, ಕೂಲಿಯ ವಿಷಯದಲ್ಲಿ ಈ ತತ್ವಕ್ಕೆ ಅಡ್ಡ ಬರುವವರು ಕಣ್ಣಿಗೆ ಕಾಣುತ್ತಾರೆ. ಗುಟ್ಟಿನ ವಿಷಯದಲ್ಲಿ ಹಾಗಲ್ಲ. ಇವತ್ತಿನ ದಿಲ್ಲಿಯ ಒಂದು ಬಸ್ತಿಯನ್ನು ಊಹಿಸಿಕೊಳ್ಳಿ. ಹದಿನೇಳರ ಹುಡುಗಿಯೊಬ್ಬಳು ಸಂಸ್ಥೆಯ ಕಾರ್ಯಕರ್ತೆಯ ಮುಂದೆ ಕೂತು, "ದೀದಿ, ಮನೇಲಿ ಹೇಳಬೇಡಿ" ಎನ್ನುತ್ತಾಳೆ. ಮೆಚ್ಚಿದ ಹುಡುಗನಿಂದ ಗರ್ಭಿಣಿಯಾಗಿದ್ದಾಳೆ. "ಯಾರಿಗೂ ಹೇಳಲ್ಲ" ಎಂಬುದು ದೀದಿಯ ನಾಲಿಗೆ ತುದಿಯಲ್ಲೇ ಇರುವ ಮಾತು. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ವಿಷಯ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ನಿನಡಿ ಆರು ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಹದಿನೆಂಟು ತುಂಬದವಳ ಒಪ್ಪಿಗೆಯನ್ನು ಕಾನೂನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಗೆಂದು ಕಾಯ್ದೆಯನ್ನು ಬೈದು ಕೈತೊಳೆದುಕೊಳ್ಳುವಂತಿಲ್ಲ. ಸೋದರಮಾವನೋ ಟ್ಯೂಷನ್ ಮೇಷ್ಟ್ರೋ ಮೈಮುಟ್ಟಿದ್ದನ್ನು ಮರ್ಯಾದೆಯ ಹೆಸರಲ್ಲಿ ಮುಚ್ಚಿಹಾಕುವ ಮನೆಗಳಲ್ಲಿ ಮಗುವಿಗೆ ಆಸರೆಯಾಗುವುದು ಇದೇ 19ನೇ ಸೆಕ್ಷನ್.

ಈ ಇಕ್ಕಟ್ಟನ್ನು ನ್ಯಾಯಾಲಯ ಸ್ವಲ್ಪ ಸಡಿಲಿಸಿದೆ. 2022ರ ಸೆಪ್ಟೆಂಬರ್ 29ರಂದು, ದಿಲ್ಲಿಯಲ್ಲಿದ್ದ ಅವಿವಾಹಿತೆಯೊಬ್ಬರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕಿನ ಬಗ್ಗೆ ತೀರ್ಪು ಕೊಟ್ಟಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ಗುರುತು ಹೇಳಬೇಕಿಲ್ಲ ಎಂಬ ಮಾತೂ ಅದರಲ್ಲಿದೆ. ಈ ಸಡಿಲಿಕೆ ನೋಂದಾಯಿತ ವೈದ್ಯರಿಗೆ. ಹುಡುಗಿಯ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ದೀದಿಯ ಪ್ರಸ್ತಾಪ ಅಲ್ಲಿಲ್ಲ. ಇನ್ನೊಂದು ತೊಡಕು: ಪೋಷಕರೂ ಕೇಳಿಕೊಳ್ಳಬೇಕು. ಆದರೆ ಹುಡುಗಿ ಬಂದಿದ್ದೇ ಮನೆಯವರಿಗೆ ತಿಳಿಯದಿರಲಿ ಎಂದು.

ಗುಟ್ಟು ಕಾಯುವ ಹೊಣೆಯನ್ನು ವೈದ್ಯರಿಗೆ ಗರ್ಭಪಾತಕ್ಕೆ ಸಂಬಂಧಿಸಿದ ಎಂಟಿಪಿ ಕಾಯ್ದೆಯೇ ಹೊರಿಸಿದೆ. ನಮ್ಮದು ನಾವೇ ಬರೆದುಕೊಂಡದ್ದು. ವೃತ್ತಿಪರ ಸಮಾಜಕಾರ್ಯಕರ್ತರ ನೀತಿಘೋಷಣೆ 1997ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೋಶಿಯಲ್ ವರ್ಕ್‌ನಲ್ಲಿ ಅಚ್ಚಾಯಿತು. ಒಳ್ಳೆಯ ದಸ್ತಾವೇಜು. ಆದರೆ ವಕೀಲರಿಗೆ ಬಾರ್ ಕೌನ್ಸಿಲ್ ಇರುವಂತೆ ನಮಗೊಂದು ಶಾಸನಬದ್ಧ ಮಂಡಳಿ ಇಲ್ಲ. ಘೋಷಣೆಯನ್ನು ಮುರಿದರೆ ಕೇಳುವವರಿಲ್ಲ, ಪಾಲಿಸಲು ಹೋಗಿ ಸಿಕ್ಕಿಬಿದ್ದರೆ ಬೆನ್ನಿಗೆ ನಿಲ್ಲುವವರೂ ಇಲ್ಲ. ಆರೋಗ್ಯಸೇವಾ ವೃತ್ತಿಗಳ 2021ರ ಕಾಯ್ದೆ ವೈದ್ಯಕೀಯ, ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಬಸ್ತಿಯ ದೀದಿ ಅದರ ಹೊರಗೆ.

ಹಾಗಾಗಿ, ನನ್ನ ಮಟ್ಟಿಗೆ, ವೃತ್ತಿನೀತಿ ಶುರುವಾಗಬೇಕಾದದ್ದು ಹುಡುಗಿ ಬಾಯಿ ಬಿಡುವ ಮೊದಲು. "ನಿನಗಿನ್ನೂ ಹದಿನೆಂಟು ಆಗಿಲ್ಲಮ್ಮ. ಕೆಲವು ಸಂಗತಿ ಹೇಳಿದರೆ ನಾನು ಪೊಲೀಸರಿಗೆ ತಿಳಿಸಲೇಬೇಕಾಗುತ್ತೆ. ಯಾವುವು ಅಂತ ಮೊದಲು ಕೇಳಿಸಿಕೋ." ಇಷ್ಟು ಕೇಳಿದ್ದೇ ಅವಳು ಎದ್ದುಹೋಗಿ ಗಲ್ಲಿಯ ನಕಲಿ ಡಾಕ್ಟರನ ಕೈಗೆ ಸಿಕ್ಕಿದರೆ ಎಂದು ನೀವು ಕೇಳಬಹುದು. ಆ ಭಯ ಸುಳ್ಳಲ್ಲ. ಅದಕ್ಕೇ ವೈದ್ಯರಿಗಿರುವ ಆ ಸಡಿಲಿಕೆಯನ್ನೂ ಅದಕ್ಕೆ ಮನೆಯವರು ಬೇಕೆಂಬ ಷರತ್ತನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಮಾತು ಕೊಟ್ಟು ಸಂಜೆಗೆ ಠಾಣೆಗೆ ಫೋನ್ ಮಾಡಿದರೆ ಆ ಗಲ್ಲಿಯ ಯಾವ ಹುಡುಗಿಯೂ ಮತ್ತೆ ಆ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ.

ಗೋಡೆ ತುಂಬ ದಾನಿಗಳ ಲೋಗೋ ಅಂಟಿಸುವ ಸಂಸ್ಥೆಗಳು ಈ ನಾಲ್ಕು ಮಾತನ್ನೂ ಹಿಂದಿಯಲ್ಲಿ ಬರೆದು ಅಂಟಿಸಲಿ. ಹೇಳಿಕೆ ಕೊಡಲು ಠಾಣೆಗೆ ಹೋಗುವ ಕಾರ್ಯಕರ್ತೆಯ ಜೊತೆ ವಕೀಲರೊಬ್ಬರನ್ನು ಕಳಿಸಲಿ. ಅದರ ಖರ್ಚನ್ನು ಯೋಜನೆಯ ಬಜೆಟ್ಟಿನಲ್ಲೇ, ಅವಳ ಸಂಬಳದ ಸಾಲಿನ ಕೆಳಗೆ, ಕಾಣಿಸಲಿ.