ಕೂಲಿಯ ಕೊರತೆ ತುಂಬುವವರು ಯಾರು?

ಇಂಗ್ಲೆಂಡಿನ ಬರ್ಕ್‌ಷೈರ್ ಸೀಮೆಯಲ್ಲಿ, ನ್ಯೂಬರಿ ಪಟ್ಟಣದ ಮಗ್ಗುಲಲ್ಲಿ, ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬ ಸ್ಥಳವಿದೆ. 1795ರ ಮೇ 6ರಂದು ಅಲ್ಲಿಯ ಪೆಲಿಕನ್ ಎಂಬ ವಸತಿಗೃಹದಲ್ಲಿ ಆ ಸೀಮೆಯ ನ್ಯಾಯಾಧಿಕಾರಿಗಳು ಸಭೆ ಸೇರಿದರು. ಇವರು ಜಮೀನುದಾರರು, ಕೆಲವರು ಪಾದ್ರಿಗಳು. ಹಿಂದಿನ ವರ್ಷದ ಬೆಳೆ ಕೆಟ್ಟಿತ್ತು, ಫ್ರಾನ್ಸಿನೊಡನೆ ಯುದ್ಧ ನಡೆದಿತ್ತು, ಗೋಧಿಯ ಬೆಲೆ ಏರಿ ದಿನವೆಲ್ಲ ಹೊಲದಲ್ಲಿ ದುಡಿದವನ ಮನೆಯಲ್ಲೂ ರೊಟ್ಟಿ ಸಾಲದಾಗಿತ್ತು. ಕೆಲಸವಿಲ್ಲದ ಬಡತನ ಒಂದು ಬಗೆ. ಕೆಲಸವಿದ್ದೂ ಹೊಟ್ಟೆಗೆ ಸಾಲದ ಬಡತನ ಇನ್ನೊಂದು ಬಗೆ. ಸಭೆಯ ಮುಂದಿದ್ದುದು ಈ ಎರಡನೆಯದು.

ಕೂಲಿಯ ದರವನ್ನು ಗೊತ್ತುಮಾಡುವ ಅಧಿಕಾರ ಎಲಿಜಬೆತ್ ರಾಣಿಯ ಕಾಲದಿಂದ, 1563ರ ಶಾಸನದ ಮೂಲಕ, ನ್ಯಾಯಾಧಿಕಾರಿಗಳಿಗೆ ಇದ್ದೇ ಇತ್ತು. ಅದನ್ನು ಬಳಸಲು ಇವರು ಒಪ್ಪಲಿಲ್ಲ. ಕೂಲಿಯನ್ನು ಹೆಚ್ಚಿಸಬೇಕೆಂದು ಬೇಸಾಯಗಾರರಿಗೆ ಶಿಫಾರಸು ಮಾಡಿದರು, ಅಷ್ಟೆ. ಶಿಫಾರಸಿನ ತೂಕ ಎಷ್ಟೆಂಬುದು ನಮಗೆಲ್ಲ ಗೊತ್ತಿರುವ ವಿಷಯವೇ. ಅದರ ಬದಲು ಒಂದು ಪಟ್ಟಿಯನ್ನು ಸಿದ್ಧಮಾಡಿದರು. ಸುಮಾರು 4 ಕಿಲೋ ತೂಗುವ ರೊಟ್ಟಿಗೆ 1 ಷಿಲಿಂಗ್ ಬೆಲೆ ಇದ್ದಾಗ ದುಡಿಯುವ ಗಂಡಸಿಗೆ ವಾರಕ್ಕೆ 3 ಷಿಲಿಂಗ್, ಹೆಂಡತಿಗೂ ಪ್ರತಿ ಮಗುವಿಗೂ ಒಂದೂವರೆ ಷಿಲಿಂಗ್ ಸಲ್ಲಬೇಕು. ರೊಟ್ಟಿಯ ಬೆಲೆ ಏರಿದಂತೆ ಈ ಮೊತ್ತವೂ ಏರಬೇಕು. ಸಂಪಾದನೆ ಅಲ್ಲಿಗೆ ಮುಟ್ಟದಿದ್ದರೆ, ಬಡವರ ಪೋಷಣೆಗಾಗಿ ಎತ್ತುವ ಊರ ತೆರಿಗೆಯಿಂದ ಕೊರತೆಯನ್ನು ತುಂಬಬೇಕು.

ನೋಡುವುದಕ್ಕೆ ಇದು ಬಹಳ ದಯೆಯ ಏರ್ಪಾಡು. ಆದರೆ ಸ್ವಲ್ಪ ಲೆಕ್ಕ ಹಾಕೋಣ. ಗಂಡ, ಹೆಂಡತಿ, ಮೂವರು ಮಕ್ಕಳಿರುವ ಸಂಸಾರಕ್ಕೆ 9 ಷಿಲಿಂಗ್ ಸಲ್ಲಬೇಕು. ಧಣಿ 8 ಕೊಟ್ಟರೆ ಊರು 1 ಕೊಡುತ್ತದೆ. ಧಣಿ 6ಕ್ಕೆ ಇಳಿಸಿದರೆ ಊರು 3 ಕೊಡುತ್ತದೆ. ಮನೆಗೆ ಬರುವುದು ಎರಡು ಸಲವೂ ಒಂಬತ್ತೇ. ಕೂಲಿಯವನು ಹಟ ಹಿಡಿದು ಧಣಿಯಿಂದ ಇನ್ನೊಂದು ಷಿಲಿಂಗ್ ಪಡೆದನೆನ್ನಿ. ಆಗಲೂ ಅವನ ಹೆಂಡತಿಯ ಕೈಗೆ ಒಂದು ಕಾಸು ಹೆಚ್ಚು ಬರುವುದಿಲ್ಲ. ಉಳಿತಾಯವೆಲ್ಲ ಊರ ಬೊಕ್ಕಸಕ್ಕೆ. ಹೀಗಿರುವಾಗ ಅವನು ಏಕೆ ಹಟ ಹಿಡಿದಾನು? ಧಣಿಯಾದರೂ ಏಕೆ ಹೆಚ್ಚು ಕೊಟ್ಟಾನು? ಧಣಿಯೂ ತೆರಿಗೆ ಕೊಡುತ್ತಿದ್ದ, ನಿಜ. ಆದರೆ ಆಳನ್ನೇ ಇಡದೆ ಮಕ್ಕಳೊಡನೆ ತಾನೇ ಉಳುವ ಸಣ್ಣ ರೈತನೂ, ಊರ ಅಂಗಡಿಯವನೂ ಆ ತೆರಿಗೆಯನ್ನು ಕೊಡಬೇಕಾಗಿತ್ತು. ದೊಡ್ಡ ಬೇಸಾಯಗಾರನ ಆಳಿನ ಕೂಲಿಯಲ್ಲಿ ಒಂದು ಪಾಲು ಇವರ ಹೆಗಲಿಗೆ ಬಿತ್ತು.

ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲವೆಂದಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಸ್ಯಾಮ್ಯುಯಲ್ ವಿಟ್‌ಬ್ರೆಡ್ ಎಂಬವರು ಬೇಸಾಯದ ಆಳುಗಳಿಗೆ ಕನಿಷ್ಠ ಕೂಲಿಯನ್ನು ನಿಗದಿಮಾಡುವ ಮಸೂದೆಯನ್ನು ಪಾರ್ಲಿಮೆಂಟಿನ ಮುಂದಿಟ್ಟರು. ಪ್ರಧಾನಿ ಪಿಟ್ ವಿರೋಧಿಸಿದರು. 1796ರ ಫೆಬ್ರುವರಿಯಲ್ಲಿ ಅದು ಬಿದ್ದುಹೋಯಿತು.

ಮುಂದೆ ಬಡವರ ವೆಚ್ಚ ಬೆಳೆಯಿತು. 1780ರ ದಶಕದ ನಡುವೆ ವರ್ಷಕ್ಕೆ ಸುಮಾರು 20 ಲಕ್ಷ ಪೌಂಡು ಇದ್ದದ್ದು 1818ರ ಹೊತ್ತಿಗೆ 78 ಲಕ್ಷ ದಾಟಿತು. ಜನಸಂಖ್ಯೆಯೂ ಬೆಲೆಯೂ ಏರಿದ್ದವೆಂಬುದನ್ನು ಮರೆಯಬಾರದು. ಆದರೂ ತೆರಿಗೆ ಕೊಡುವವರು ಸಿಟ್ಟಾದರು. ಸಿಟ್ಟು ತಿರುಗಿದ್ದು ಮಾತ್ರ ಕೂಲಿಯವನ ಮೇಲೆ. 1832ರಲ್ಲಿ ನೇಮಕವಾದ ಆಯೋಗ, ಭತ್ಯೆ ಅವನನ್ನು ಸೋಮಾರಿಯಾಗಿಸಿತೆಂದು ಬರೆಯಿತು. 1834ರ ಕಾನೂನಿನ ಉದ್ದೇಶ, ಮೈಯಲ್ಲಿ ಕಸುವಿದ್ದವನಿಗೆ ಮನೆಯಲ್ಲಿ ಸಹಾಯ ನಿಲ್ಲಿಸುವುದು. ಬೇಕಾದರೆ ದುಡಿಮೆಯ ಮನೆಗೆ ಬರಲಿ. ಅಲ್ಲಿ ಗಂಡನೊಂದು ಕಡೆ, ಹೆಂಡತಿಯೊಂದು ಕಡೆ, ಮಕ್ಕಳೊಂದು ಕಡೆ. ಭತ್ಯೆಯನ್ನು ತೆಗೆದರು, ಕೂಲಿಗೆ ಕನಿಷ್ಠ ಮಿತಿಯನ್ನು ಹಾಕಲಿಲ್ಲ. 1963ರಲ್ಲಿ ಮಾರ್ಕ್ ಬ್ಲೌಗ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಅಂಕಿಗಳನ್ನು ಮತ್ತೆ ಪರೀಕ್ಷಿಸಿ, ಆಯೋಗದ ತೀರ್ಪನ್ನು ಅಲ್ಲಗಳೆದರು. ಕೂಲಿ ಮೊದಲೇ ಕಡಮೆಯಾಗಿತ್ತು, ಸುಗ್ಗಿ ಕಳೆದ ಮೇಲೆ ಕೆಲಸವಿರಲಿಲ್ಲ. ಭತ್ಯೆ ಅದಕ್ಕೆ ಹಚ್ಚಿದ ಮದ್ದೆಂಬುದು ಅವರ ವಾದ. ನನಗೂ ಅದು ಒಪ್ಪಿಗೆ. ಆದರೆ ಅದು ಬೇರಿಗೆ ಮುಟ್ಟಿದ ಮದ್ದಲ್ಲ.

ಇದು ಹಳೆಯ ಕಥೆಯೆನ್ನುವಂತಿಲ್ಲ. ಅಮೆರಿಕದ ಸಂಸತ್ತಿಗಾಗಿ ಸರ್ಕಾರಿ ವೆಚ್ಚದ ತನಿಖೆ ನಡೆಸುವ ಕಚೇರಿ 2020ರಲ್ಲಿ ಒಂದು ವರದಿ ಕೊಟ್ಟಿತು. ಸರ್ಕಾರದ ಆಹಾರ ಸಹಾಯವನ್ನೋ ವೈದ್ಯಕೀಯ ಸಹಾಯವನ್ನೋ ಪಡೆಯುತ್ತ ಸಂಬಳಕ್ಕೆ ದುಡಿಯುವ ವಯಸ್ಕರಲ್ಲಿ ನೂರಕ್ಕೆ ಸುಮಾರು 70 ಮಂದಿ ಪೂರ್ತಿ ವಾರ ದುಡಿಯುವವರೇ. ಹೋಟೆಲುಗಳಲ್ಲಿ, ದೊಡ್ಡ ಅಂಗಡಿಗಳಲ್ಲಿ ಅವರಿಗೆ ಕೆಲಸ. 2009ರ ಜುಲೈನಲ್ಲಿ ಗಂಟೆಗೆ 7 ಡಾಲರ್ 25 ಸೆಂಟ್ ಎಂದು ಗೊತ್ತಾದ ಅಲ್ಲಿಯ ಕೇಂದ್ರ ಕನಿಷ್ಠ ವೇತನ ಆ ವರದಿ ಬಂದಾಗಲೂ ಅಷ್ಟೇ ಇತ್ತು. ಆಹಾರ ಸಹಾಯವೇ ಸಂಬಳವನ್ನು ಇಳಿಸಿತೆಂದರೆ ಅವಸರದ ಮಾತಾದೀತು. ಮನೆಯಲ್ಲಿ ಊಟವಿದ್ದವನು ಕೆಟ್ಟ ಕೆಲಸವನ್ನು ಬೇಡವೆನ್ನಲೂಬಹುದು. ಆದರೆ ಅಷ್ಟು ದುಡಿದವನ ಊಟದ ಬಾಕಿಯನ್ನು ತೆರಿಗೆಯೇ ತೀರಿಸುತ್ತಿತ್ತೆಂಬುದು ಸುಳ್ಳಲ್ಲ.

ಇಂಗ್ಲೆಂಡಿನವರು ಈ ಪಾಠವನ್ನು ಕಲಿಯಲು ಎರಡು ಶತಮಾನ ಹಿಡಿಯಿತು. 1999ರಲ್ಲಿ ಬ್ರಿಟಿಷ್ ಸರ್ಕಾರ ದುಡಿಯುವ ಸಂಸಾರಗಳಿಗೆ ಹೊಸ ಸಹಾಯವೊಂದನ್ನು ಅಕ್ಟೋಬರಿನಲ್ಲಿ ಆರಂಭಿಸಿತು. ಅದಕ್ಕೆ ಮೊದಲೇ, ಏಪ್ರಿಲ್ 1ರಿಂದ, ವಯಸ್ಕ ಕೆಲಸಗಾರನಿಗೆ ಗಂಟೆಗೆ 3 ಪೌಂಡು 60 ಪೆನ್ಸಿಗಿಂತ ಕಡಮೆ ಕೊಡಕೂಡದೆಂಬ ಕಾನೂನು ದೇಶಕ್ಕೆಲ್ಲ ಜಾರಿಗೆ ಬಂದಿತ್ತು.