ಬೇಡದ ಶಾಖ ಎಲ್ಲಿಂದ ಬರುತ್ತದೆ?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಕೆಲವರು ಗಿರಣಿಯ ಸೈಜಿಂಗ್ ಖಾತೆಯಲ್ಲಿ ಉಗಿಯ ಸಿಲಿಂಡರುಗಳ ಪಕ್ಕದಲ್ಲಿ ದುಡಿದವರು. ಕೆಲವರು ಹೋಟೆಲಿನ ಒಲೆಯ ಮುಂದೆ ನಿಂತವರು. ಶಾಖವೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ನಮ್ಮವರ ಮಕ್ಕಳು ಇಂಗ್ಲೆಂಡಿನಂಥ ಚಳಿಯ ದೇಶಗಳಿಗೂ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಬೇಸಿಗೆಯಲ್ಲಿ ಸ್ನಾನದ ನೀರಿಗೆಂದು ಬಾಯ್ಲರು ಹಚ್ಚಿದರೆ, ಕೆಲವು ಮನೆಗಳಲ್ಲಿ ಕೋಣೆಯ ರೇಡಿಯೇಟರೂ ಕಾಯುತ್ತದೆ. ಗ್ಯಾಸಿನ ಬಿಲ್ಲು ಕಟ್ಟುವವನು ಬಾಡಿಗೆದಾರ. “ನೀನೇ ಏನೋ ತಿರುಗಿಸಿರಬೇಕು” ಎಂಬ ಮಾತು ಕೇಳುವವನೂ ಅವನೇ. ಆದ್ದರಿಂದ ಈ ವಿಷಯ ತಿಳಿದಿರಬೇಕು.

ಏರ್ಪಾಡು ಸರಳವಾದದ್ದು. ಬಾಯ್ಲರು ಒಂದು, ಪಂಪು ಒಂದು, ನೀರಿಗೆ ದಾರಿ ಎರಡು. ಒಂದು ದಾರಿ ಸ್ನಾನದ ನೀರಿನ ಹಂಡೆಗೆ, ಇನ್ನೊಂದು ರೇಡಿಯೇಟರುಗಳಿಗೆ. ದಾರಿಗೊಂದು ವಿದ್ಯುತ್ ವಾಲ್ವು. ಕರೆಂಟು ಬಂದರೆ ಮೋಟಾರು ಅದನ್ನು ತೆರೆಯುತ್ತದೆ. ನಿಂತರೆ ಸ್ಪ್ರಿಂಗು ಮುಚ್ಚುತ್ತದೆ.

ಪರೀಕ್ಷೆ ಹೀಗೆ. ಕೋಣೆಯ ಥರ್ಮೊಸ್ಟಾಟನ್ನು ಕೆಳಕ್ಕೆ ಇಳಿಸಿ, ರೇಡಿಯೇಟರಿನ ಸ್ವಿಚ್ಚು ಆರಿಸಿ, ಎಲ್ಲವೂ ತಣ್ಣಗಾಗಲಿ. ಆಮೇಲೆ ಸ್ನಾನದ ನೀರನ್ನು ಮಾತ್ರ ಹಚ್ಚಿ. ರೇಡಿಯೇಟರಿನ ವಾಲ್ವಿನ ತಲೆಯ ಪಕ್ಕದಲ್ಲಿ ಸಣ್ಣ ಕಡ್ಡಿಯಿರುತ್ತದೆ. ಅದನ್ನು ಮೆಲ್ಲಗೆ ಸರಿಸಿ ನೋಡಿ.

ಕಡ್ಡಿ ಸಡಿಲವಾಗಿ ಆಡಿದರೆ ವಾಲ್ವು ತೆರೆದಿದೆ ಎಂದರ್ಥ. ಇಡೀ ಏರ್ಪಾಡಿನ ಮುಖ್ಯ ಸ್ವಿಚ್ಚು ಆರಿಸಿ. ಆಗ ಕಡ್ಡಿ ಬಿಗಿಯಾದರೆ, ಬರಬಾರದ ಕರೆಂಟು ಬರುತ್ತಿತ್ತು; ತಪ್ಪು ಥರ್ಮೊಸ್ಟಾಟಿನಲ್ಲೋ, ಗಡಿಯಾರದ ಸ್ವಿಚ್ಚಿನಲ್ಲೋ, ತಂತಿಯಲ್ಲೋ ಇದೆ. ಆಗಲೂ ಸಡಿಲವಾಗಿದ್ದರೆ ವಾಲ್ವೇ ಸಿಕ್ಕಿಕೊಂಡಿದೆ.

ಕಡ್ಡಿ ಮೊದಲೇ ಬಿಗಿಯಾಗಿದ್ದು, ವಾಲ್ವಿನಾಚೆ ಒಂದು ಮಾರು ದೂರದಲ್ಲೂ ಕೊಳವೆ ಸುಡುತ್ತಿದ್ದರೆ, ಒಳಗಿನ ರಬ್ಬರು ಸವೆದು ನೀರು ನುಸುಳುತ್ತಿದೆ. ಹತ್ತಿರದ ಗೇಣುದ್ದ ಬಿಸಿ ಲೋಹದಲ್ಲಿ ಹರಿದದ್ದು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವಾಲ್ವಿನಾಚೆ ತಣ್ಣಗಿದ್ದೂ ಒಂದೆರಡು ರೇಡಿಯೇಟರು ಕಾದರೆ, ಬಿಸಿನೀರು ಹಿಂಬಾಗಿಲಿನಿಂದ ಬರುತ್ತಿದೆ. ಹಂಡೆಯಿಂದ ಮರಳುವ ಕೊಳವೆ ಎಲ್ಲಕ್ಕಿಂತ ಕೊನೆಗೆ, ಬಾಯ್ಲರಿನ ಹತ್ತಿರ ಸೇರಬೇಕು. ಅದಕ್ಕೆ ಮೊದಲೇ ಸೇರಿಸಿದ್ದರೆ ನೀರು ರೇಡಿಯೇಟರಿನೊಳಕ್ಕೆ ಹಿಮ್ಮುಖವಾಗಿ ಹೋಗುತ್ತದೆ.

ಅಮೆರಿಕದ ಹಲವು ಮನೆಗಳಲ್ಲಿ ವಾಲ್ವಿನ ಬದಲು ದಾರಿಗೊಂದು ಪಂಪು ಇರುತ್ತದೆ. ಅಲ್ಲಿ ನೀರನ್ನು ತಡೆಯುವ ಒಮ್ಮುಖ ವಾಲ್ವು ಕೆಟ್ಟರೆ, ಒಂದು ಪಂಪಿನ ಒತ್ತಡಕ್ಕೆ ಇನ್ನೊಂದು ದಾರಿಯ ನೀರೂ ಚಲಿಸುತ್ತದೆ. ಬಿಸಿನೀರು ಹಗುರಾದ್ದರಿಂದ ಪಂಪು ನಿಂತಿದ್ದಾಗಲೂ ತಾನಾಗಿ ಮೇಲಕ್ಕೇರಬಹುದು.

ಎಚ್ಚರದ ಮಾತೊಂದು. ವಾಲ್ವಿನ ತಲೆಯಲ್ಲಿ 230 ವೋಲ್ಟಿನ ಕರೆಂಟು; ಮುಚ್ಚಳ ಬಿಚ್ಚಬೇಡಿ. ಬ್ರಿಟನ್ನಿನಲ್ಲಿ ಗ್ಯಾಸಿನ ಕೆಲಸವನ್ನು ನೋಂದಾಯಿತ ಕೆಲಸಗಾರನೇ ಮಾಡಬೇಕೆಂದು ಕಾನೂನಿದೆ. ಇಂಗ್ಲೆಂಡಿನಲ್ಲಿ 1985ರ ಬಾಡಿಗೆ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಏಳು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಯಲ್ಲಿ ಕೋಣೆ ಕಾಯಿಸುವ, ನೀರು ಕಾಯಿಸುವ ಏರ್ಪಾಡಿನ ದುರಸ್ತಿ ಮನೆಯೊಡೆಯನ ಹೊಣೆ. ವಿದೇಶದಲ್ಲಿರುವ ನಿಮ್ಮ ಮಕ್ಕಳಿಗೆ ಪತ್ರದಲ್ಲಿ ತಿಳಿಸಿ: ಯಾವ ಹೊತ್ತಿನಲ್ಲಿ ಯಾವ ಕೊಳವೆ ಬಿಸಿಯಾಗಿತ್ತೆಂದು ತಾರೀಖಿನೊಂದಿಗೆ ಬರೆದಿಟ್ಟು ಮನೆಯೊಡೆಯನಿಗೆ ಲಿಖಿತವಾಗಿ ಕೊಡಲಿ. ಬರಿಯ ದೂರಿಗೆ ಸಿಗದ ಉತ್ತರ ಲೆಕ್ಕವಿಟ್ಟ ದೂರಿಗೆ ಸಿಗುತ್ತದೆ.